ಕರಡಿಯ ಎದುರು ನನ್ನ ಮಡಿ

ನಾನು ಓದಿದ್ದು ನಾಲ್ಕನೆಯ ತರಗತಿ. ಆದರೂ ಅಪ್ಪಯ್ಯನ ಶ್ರಾದ್ಧವನ್ನು ಲೋಪವಿಲ್ಲದೆ ನಡೆಸುವ ವಿಷಯದಲ್ಲಿ ನನ್ನಷ್ಟು ತಿಳಿದವನು ಇಡೀ ಗುಜರಾತಿನಲ್ಲಿ ಇನ್ನೊಬ್ಬನಿಲ್ಲ ಎಂಬ ಧೈರ್ಯ ನನಗಿತ್ತು. ಗುಜರಾತು ಆಗಷ್ಟೇ ಬೇರೆ ರಾಜ್ಯವಾಗಿತ್ತು. ನಮ್ಮ ಕಡೆಯವರು ಅಲ್ಲಿ ಇದ್ದದ್ದೇ ಕಡಿಮೆ. ಹಾಗಾಗಿ ನನ್ನ ಧೈರ್ಯಕ್ಕೆ ಪೈಪೋಟಿಯೂ ಇರಲಿಲ್ಲ!

ಬರೋಡಾ ಸ್ಟೇಷನ್ನಿನ ಎದುರು ನನ್ನದೊಂದು ಇಡ್ಲಿ ಹೋಟೆಲು. ತಮ್ಮ ವಾಸು ಕಲಿತವನು. ಕಲ್ಲುಮಣ್ಣು ಪರೀಕ್ಷಿಸುವ ಸರ್ಕಾರಿ ಕಚೇರಿಯಲ್ಲಿ ಅಧಿಕಾರಿ. ಪಾವಾಗಢದ ಬೆಟ್ಟದಾಚೆ ಕಾಡಿನಂಚಿನಲ್ಲಿ ಅವನಿಗೊಂದು ಕ್ವಾರ್ಟರ್ಸ್ ಕೊಟ್ಟಿದ್ದರು. ಇನ್ನೂ ಮದುವೆಯಾಗಿರಲಿಲ್ಲ. ಅಮ್ಮ ಬೇಗ ಹೋದದ್ದರಿಂದ ಅವನನ್ನು ಎತ್ತಿ ಆಡಿಸಿದವನು ನಾನೇ. ಅವನೂ ಬಾಯಿ ತುಂಬ 'ಅಣ್ಣ' ಎನ್ನುತ್ತಿದ್ದ.

ಆ ವರ್ಷದ ಶ್ರಾದ್ಧವನ್ನು ಅವನ ಮನೆಯಲ್ಲೇ ಮಾಡತಕ್ಕದ್ದು ಎಂದು ನಾನು ತೀರ್ಮಾನಿಸಿದೆ. ಕಾರಣ, ಬಾವಿ. ಬರೋಡಾದಲ್ಲಿ ನಮಗಿದ್ದದ್ದು ನಲ್ಲಿ ನೀರು. ನಲ್ಲಿ ನೀರು ಮಡಿಗೆ ಆಗುವುದಿಲ್ಲ. ವಾಸುವಿನ ಹಿತ್ತಿಲಲ್ಲಿ ಒಳ್ಳೆಯ ಬಾವಿಯಿತ್ತು.

"ಬಾವಿ ಉಂಟು ಅಣ್ಣ, ಸರಿ. ಕರಡಿಯೂ ಉಂಟು," ಎಂದ ವಾಸು. "ಈಗ ಹಿಪ್ಪೆ ಹೂ ಬೀಳುವ ಕಾಲ. ಅದನ್ನು ತಿನ್ಲಿಕ್ಕೆ ಹಿತ್ತಿಲಿಗೇ ಬರ್ತದೆ. ಮೊನ್ನೆ ಚಿರತೆ ಬಂದು ಪಕ್ಕದ ಮನೆಯ ನಾಯಿಯನ್ನು ಎತ್ತಿಕೊಂಡು ಹೋಯ್ತು."

"ಕರಡಿಗೆ ಶ್ರಾದ್ಧದ ಮನೆಯಲ್ಲಿ ಎಂತ ಕೆಲಸ ಮಾರಾಯ?" ಎಂದೆ.

ಕೆಲಸವಿತ್ತು.

ಹೆಂಡತಿ ಹೆರಿಗೆಗೆ ಊರಿಗೆ ಹೋಗಿದ್ದರಿಂದ ಅಡುಗೆ ನನ್ನದೇ. ನಮ್ಮ ಎದುರುಮನೆಯ ಭಟ್ಟರನ್ನು ಬರೋಡಾದಿಂದ ಬಸ್ಸಿನಲ್ಲಿ ಕರೆತಂದೆ. ಬಾವಿಯ ಬಳಿ ಮಿಂದು, ಒದ್ದೆ ಪಂಚೆಯಲ್ಲೇ ಅಡುಗೆಮನೆ ಹೊಕ್ಕು ಒಂದು ಸುಗ್ರೀವಾಜ್ಞೆ ಹೊರಡಿಸಿದೆ: ಕಾರ್ಯ ಮುಗಿಯುವ ತನಕ ನನ್ನನ್ನೂ ವಾಸುವನ್ನೂ ಯಾರೂ ಮುಟ್ಟತಕ್ಕದ್ದಲ್ಲ. ಈ ಆಜ್ಞೆ ಅನ್ವಯಿಸಿದ್ದು ಒಬ್ಬನಿಗೇ. ಕ್ವಾರ್ಟರ್ಸಿನ ಕಾವಲುಗಾರ ನಾಥುಭಾಯಿಗೆ. ಆ ಗುಡ್ಡದ ಕಡೆಯವನು, ಹಿತ್ತಿಲಿನ ಪಕ್ಕದಲ್ಲೇ ಅವನ ಗುಡಿಸಲು. ಬೆಳಿಗ್ಗೆಯೇ ಸೌದೆ ಒಡೆದು ತಂದಿದ್ದ. ಅದನ್ನು ಬೇಲಿಯಾಚೆಯೇ ಇಡಿಸಿ, ಅವನನ್ನೂ ಬೇಲಿಯಾಚೆಯೇ ನಿಲ್ಲಿಸಿದೆ.

ಎಲ್ಲವೂ ಕ್ರಮವಾಗಿ ನಡೆಯಿತು. ಭಟ್ಟರು ಉಂಡು ನಡುಮನೆಯ ಕಂಬಕ್ಕೆ ಒರಗಿದರು. ಉಳಿದದ್ದು ಕಾಗೆಗೆ ಇಡುವ ಎಡೆ. ಬಾಳೆ ಎಲೆಯ ಮೇಲೆ ಅನ್ನ, ತುಪ್ಪ, ಎಳ್ಳು, ವಡೆ, ಪಾಯಸ. ಜೇನು ಅಪ್ಪಯ್ಯನಿಗೆ ಇಷ್ಟವೆಂದು ಸ್ವಲ್ಪ ಧಾರಾಳವಾಗಿಯೇ ಸುರಿದೆ. ಇಡಲು ಜಾಗವನ್ನೂ ನಾನೇ ಆರಿಸಿದೆ. ಹಿಪ್ಪೆ ಮರದ ಬುಡ. ನೆರಳಿತ್ತು ನೋಡಿ!

ಕಾಗೆ ಬರಲಿಲ್ಲ. ಅದು ಮುಟ್ಟದೆ ನಾವಿಬ್ಬರೂ ಉಣ್ಣುವಂತಿಲ್ಲ. ಹೊತ್ತು ಇಳಿಯುತ್ತ ಬಂತು. "ವಾಸು, ಕರೆ ಮಾರಾಯ, ಕರೆದರೆ ಬರ್ತದೆ," ಎಂದೆ. ಪಾಪ, ಸರ್ಕಾರಿ ಅಧಿಕಾರಿ ಮಡಿ ಪಂಚೆಯಲ್ಲಿ ಮರದ ಕೆಳಗೆ ನಿಂತು ಆಕಾಶಕ್ಕೆ ಮುಖ ಮಾಡಿ "ಕಾ, ಕಾ" ಎಂದು ಕೂಗಿದ.

ಕೂಗಿಗೆ ಓಗೊಟ್ಟು ಪೊದೆಯಿಂದ ಕರಡಿ ಹೊರಟಿತು.

ಕಪ್ಪು ಕಂಬಳಿ ಹೊದ್ದ ನೆಂಟನ ಹಾಗೆ, ಆತುರವಿಲ್ಲದೆ, ಮೂಸುತ್ತ ಬಂತು. ವಾಸುವಿನ ಕಾಲು ಕಿತ್ತು ಬರಲಿಲ್ಲ. "ಸಾಹೇಬ್, ರೀಂಛ್!" ಎಂದು ನಾಥುಭಾಯಿ ಕೂಗಿದ. ಬೇಲಿ ಹಾರಿದ. ವಾಸುವಿನ ರಟ್ಟೆ ಹಿಡಿದು ದರದರನೆ ಎಳೆದುಕೊಂಡು ಹತ್ತಿರವಿದ್ದ ಬಾಗಿಲಿಗೆ ಓಡಿದ. ಹತ್ತಿರವಿದ್ದದ್ದು ಅಡುಗೆಮನೆಯ ಹಿಂಬಾಗಿಲು. ಬಾಗಿಲಲ್ಲಿ ನಿಂತಿದ್ದವನು ನಾನು.

ನಾನು ಬಾಗಿಲು ಹಾಕಿ ಚಿಲಕ ಜಡಿದೆ.

ಆಮೇಲೆ ಕಿಟಕಿಗೆ ಬಂದು, ಸರಳಿನ ನಡುವೆ ಬೆರಳು ತೂರಿಸಿ ನಾಥುಭಾಯಿಯತ್ತ ತೋರಿಸುತ್ತ ಕಿರುಚಿದೆ: "ವಾಸೂ, ಅವನು ನಿನ್ನ ಮುಟ್ಟಿಬಿಟ್ಟ! ಮಡಿ ಹೋಯ್ತು! ಒಳಗೆ ಬರಬೇಡ!"

"ಅಣ್ಣ, ಬಾಗಿಲು ತೆಗಿ! ಕರಡಿ!"

"ಮಡಿ, ವಾಸು!"

"ಕರಡಿ, ಅಣ್ಣ!"

"ಮಡಿ!"

ನಾಥುಭಾಯಿಗೆ ಕನ್ನಡ ಬಾರದು. ಒಮ್ಮೆ ನನ್ನ ಬೆರಳನ್ನು ನೋಡಿದ, ಒಮ್ಮೆ ಕರಡಿಯನ್ನು ನೋಡಿದ. ಈ ಚರ್ಚೆ ಮುಗಿಯುವ ಹಾಗೆ ಕಾಣುವುದಿಲ್ಲ ಎನಿಸಿರಬೇಕು. ವಾಸುವನ್ನು ಮತ್ತೆ ಎಳೆದುಕೊಂಡು ತನ್ನ ಗುಡಿಸಲಿಗೆ ಓಡಿ ತಟ್ಟಿಬಾಗಿಲು ಮುಚ್ಚಿದ. ಕರಡಿ ಅವರತ್ತ ತಿರುಗಿಯೂ ನೋಡಲಿಲ್ಲ. ಎಡೆಯನ್ನು ಪೂರ್ತಿ ತಿಂದು, ಎಲೆ ನೆಕ್ಕಿ, ಬಂದ ದಾರಿಯಲ್ಲೇ ಹೋಯಿತು.

ಗಲಾಟೆಗೆ ಭಟ್ಟರು ಎದ್ದು ಬಂದಿದ್ದರು. ಅವರ ಕಣ್ಣು ತೇವವಾಗಿತ್ತು. "ಎಂತ ಮಡಿ ಮಾರಾಯ್ರೆ ನಿಮ್ಮದು! ಕರಡಿ ಬಂದರೂ ಬಿಡ್ಲಿಲ್ಲ!"

"ಎಡೆಯನ್ನು ಕಾಗೆ ಮುಟ್ಟಲಿಲ್ಲವಲ್ಲ ಭಟ್ರೆ, ಕರಡಿ ತಿಂತು."

ಭಟ್ಟರು ಕಿಟಕಿಯಿಂದ ಇಣುಕಿ ಎಲೆಯನ್ನು ನೋಡಿದರು. "ಯಾವ ರೂಪದಲ್ಲಿ ಬಂದರೇನು, ಎಲೆ ಸಹಿತ ನೆಕ್ಕಿದ್ದಾರಲ್ಲ. ತೃಪ್ತಿಯಾಗಿದೆ," ಎಂದರು. ಅಪ್ಪಯ್ಯನ ಮೈಮೇಲೂ ಕೂದಲು ಜಾಸ್ತಿಯೇ ಇತ್ತು. ನಾನು ಒಪ್ಪಿಕೊಂಡೆ.

ವಾಸು ಗುಡಿಸಲಿನಿಂದ ಹೊರಗೆ ಬಂದು ಅಂಗಳದಲ್ಲಿ ನಿಂತ. "ಇನ್ನೊಮ್ಮೆ ಮಿಂದು ಬಾ, ಊಟ ಮಾಡುವ," ಎಂದೆ.

"ಊಟ ಆಯ್ತು. ನಾಥುಭಾಯಿಯ ಮನೆಯಲ್ಲಿ ಜೋಳದ ರೊಟ್ಟಿ ಕೊಟ್ಟರು," ಎಂದ. ಜೋರಾಗಿ ಹೇಳಲಿಲ್ಲ. ನಾನು ಬಸ್ಸು ಹತ್ತುವ ತನಕ ಅವನು ತನ್ನ ಮನೆಯ ಒಳಗೇ ಬರಲಿಲ್ಲ.

ಭಟ್ಟರು ಮಾತ್ರ ಸುಮ್ಮನಿರಲಿಲ್ಲ. ಗುಜರಾತಿನಲ್ಲಿ ನಮ್ಮ ಕಡೆಯವರ ಮನೆ ಎಲ್ಲೆಲ್ಲಿ ಇತ್ತೋ ಅಲ್ಲೆಲ್ಲ ನನ್ನ ಕೀರ್ತಿಯನ್ನು ಸ್ವಂತ ಖರ್ಚಿನಲ್ಲಿ ಹರಡಿದರು. ಅಹಮದಾಬಾದಿನಲ್ಲಿ ಒಂದು ವ್ರತದ ಅಡುಗೆಗೆ ನನ್ನನ್ನೇ ಕರೆಸಿದರು. ಸೂರತ್ತಿನ ಉಧ್ನಾದಲ್ಲಿ ನಮ್ಮೂರಿನವರೊಬ್ಬರು ಹೋಟೆಲು ತೆರೆದಾಗ ಮೊದಲ ಹಾಲು ಉಕ್ಕಿಸಲು ನನ್ನ ಕೈಯೇ ಬೇಕೆಂದರು. ಹಾರ ಹಾಕಿದರು. ಹಾರ ಹಾಕಿಸಿಕೊಂಡವನು ಹಾಗೆಯೇ ನಡೆದುಕೊಳ್ಳಬೇಕಲ್ಲ! ಚಳಿಗಾಲದ ನಸುಕಿನಲ್ಲೂ ತಣ್ಣೀರ ಸ್ನಾನ ಶುರುವಾಯಿತು. ಈರುಳ್ಳಿ ಬಿಟ್ಟೆ. ನನ್ನ ಹೋಟೆಲಿನ ಈರುಳ್ಳಿ ದೋಸೆಯ ವಾಸನೆಯನ್ನು ಮೂಗು ಮುಚ್ಚದೆ ಕುಡಿದು ಬದುಕಿದೆ. ಊರಿನಿಂದ ಮಗುವಿನೊಂದಿಗೆ ಮರಳಿದ ಹೆಂಡತಿ, "ಇದೆಂತ ಹೊಸ ಅವತಾರ ನಿಮ್ಮದು?" ಎಂದು ಕೇಳಿದಾಗ ಗಂಭೀರವಾಗಿ ಸುಮ್ಮನಾದೆ. ಹಲ್ಲು ಚಳಿಗೆ ಕಟಕಟ ಎನ್ನುತ್ತಿತ್ತು. ಮಾತಾಡುವುದೂ ಕಷ್ಟವಿತ್ತು.

ವಾಸು ಮಾತ್ರ ನನ್ನ ಮನೆಯಲ್ಲಿ ಉಣ್ಣುವುದನ್ನು ಬಿಟ್ಟ. ಜಗಳವಿಲ್ಲ, ಮುನಿಸಿನ ಮಾತಿಲ್ಲ. ಮಗುವಿನ ಅನ್ನಪ್ರಾಶನಕ್ಕೂ ಹೊಸ್ತಿಲಾಚೆ ನಿಂತು ತೊಟ್ಟಿಲು ನೋಡಿ ಹೋದ. "ಒಳಗೆ ಬಾ," ಎಂದರೆ, "ಬಸ್ಸಿನಲ್ಲಿ ಯಾರ್‍ಯಾರನ್ನೋ ಮುಟ್ಟಿದ್ದೇನೆ ಅಣ್ಣ," ಎನ್ನುತ್ತಿದ್ದ. ಅದನ್ನು ಕೇಳಿ ನೆಂಟರು ನಗುತ್ತಿದ್ದರು. ನಾನೂ ನಕ್ಕೆ.

ನಿಜ ಬೇರೆಯೇ ಇತ್ತು. ಆ ದಿನ ಬಾಗಿಲು ಹಾಕುವಾಗ ನನಗೆ ಮಡಿಯ ನೆನಪೇ ಇರಲಿಲ್ಲ. ಇದ್ದದ್ದು ಹೆದರಿಕೆ. ಶುದ್ಧವಾದ, ಯಾರೂ ಮುಟ್ಟದ ಹೆದರಿಕೆ. ತಮ್ಮ ಹೊರಗಿದ್ದಾನೆ ಎಂದು ಗೊತ್ತಿದ್ದೂ ಕೈ ಚಿಲಕಕ್ಕೆ ಹೋಯಿತು. ಚಿಲಕ ಬಿದ್ದ ಮೇಲೆ ನಾಚಿಕೆಯಾಯಿತು. ನಾಚಿಕೆಯಾದ ಮೇಲೆ ಮಡಿ ನೆನಪಾಯಿತು.

ಅಷ್ಟರಲ್ಲಿ ವಾಸುವಿಗೆ ಅಸ್ಸಾಮಿನ ಕಡೆಗೆ ವರ್ಗವಾಯಿತು. ಹೊರಡುವ ದಿನ ಸ್ಟೇಷನ್ನಿಗೆ ಬಂದವನು ನನ್ನ ಹೋಟೆಲಿನ ಎದುರಿನ ಕೈಗಾಡಿಯಲ್ಲಿ ನಿಂತು ಚಹಾ ಕುಡಿಯುತ್ತಿದ್ದ. ಪೆಟ್ಟಿಗೆ ಹೊತ್ತು ತಂದ ನಾಥುಭಾಯಿ ಪಕ್ಕದಲ್ಲಿದ್ದ. ಅಣ್ಣನ ಹೋಟೆಲು ಎದುರಿಗಿರುವಾಗ ಕೈಗಾಡಿಯ ಚಹಾ! ಇವತ್ತು ಬಿಟ್ಟರೆ ತಮ್ಮ ಇನ್ನು ನನ್ನವನಲ್ಲ ಎನಿಸಿತು. ಎಪ್ರನ್ನಿನಂತೆ ಕಟ್ಟಿದ್ದ ಟವೆಲ್ಲಿನಲ್ಲೇ ರಸ್ತೆ ದಾಟಿದೆ.

"ವಾಸು, ಆ ದಿನ ಮಡಿ ಅಲ್ಲ. ನಾನು ಹೆದರಿದ್ದು."

ಅವನು ಚಹಾ ಊದಿ ಒಂದು ಗುಟುಕು ಕುಡಿದ. "ಗೊತ್ತುಂಟು ಅಣ್ಣ. ಮೊದಲು ಚಿಲಕದ ಸದ್ದು ಕೇಳಿತ್ತು. ಮಡಿ ಆಮೇಲೆ ಬಂತು."

"ಗೊತ್ತಿದ್ದೂ ಇಷ್ಟು ಸಿಟ್ಟೇ?"

"ಹೆದರಿದ್ದಕ್ಕೆ ಎಂತ ಸಿಟ್ಟು? ನನಗೆ ಕಾಲೇ ಬಂದಿರಲಿಲ್ಲ. ಹೆದರಿದವನು ನೀನು, ಬೆರಳು ತೋರಿಸಿದ್ದು ಇವನಿಗೆ. ನನ್ನ ಜೀವ ಉಳಿಸಿದವನಿಗೆ. ಇವನಿಗೆ ಕನ್ನಡ ಬರುವುದಿಲ್ಲ ಅಣ್ಣ, ಬೆರಳು ಅರ್ಥ ಆಗ್ತದೆ."

ನಾನು ನಾಥುಭಾಯಿಯ ಕಡೆ ತಿರುಗಿದೆ. ನನಗಿದ್ದ ಗುಜರಾತಿ ಹೋಟೆಲಿನದು: ಬಿಸಿ ಇದೆ, ತಣ್ಣಗಿದೆ, ಮುಗಿದಿದೆ. ಕ್ಷಮೆ ಕೇಳುವ ಮಾತು ಅದರಲ್ಲಿ ಇರಲಿಲ್ಲ. ಎದೆ ಮುಟ್ಟಿಕೊಂಡು "ಬೀಕ್, ಬೀಕ್" ಎಂದೆ. ಹೆದರಿಕೆ ಎಂಬ ಅದೊಂದು ಶಬ್ದ ಹೇಗೋ ಗೊತ್ತಿತ್ತು. ಆಮೇಲೆ ಅವನ ಕೈ ಹಿಡಿದುಕೊಂಡೆ. ಬಿಡಲು ತಿಳಿಯಲಿಲ್ಲ.

ನಾಥುಭಾಯಿ ಕೈಯನ್ನೇ ನೋಡಿದ. ನಗಲಿಲ್ಲ. ಕೊನೆಗೆ ಏನೋ ಹೇಳಿದ. ವಾಸು ಫಕ್ಕನೆ ನಕ್ಕ.

"ಎಂತ ಹೇಳಿದ?"

"ಕರಡಿಯೂ ಹೆದರಿತ್ತಂತೆ. ನಿನ್ನ ಕಿರುಚಾಟಕ್ಕೆ."

ಇಬ್ಬರೂ ಹೋಟೆಲಿಗೆ ಬಂದರು. ಒಳಗಿನ ಮೇಜಿಗೇ ಕೂರಿಸಿ ನಾನೇ ಬಡಿಸಿದೆ. ವಾಸು ಎರಡು ಸಲ ಪಲ್ಯ ಹಾಕಿಸಿಕೊಂಡ. ನಾಥುಭಾಯಿ ನಿಧಾನವಾಗಿ, ನನ್ನ ಮುಖ ನೋಡದೆ ಉಂಡ. ಒಂದು ಊಟದಲ್ಲಿ ಎಲ್ಲ ಸರಿಹೋಯಿತೆಂದು ನಾನೂ ಅಂದುಕೊಳ್ಳಲಿಲ್ಲ. ರೈಲು ಹೊರಡುವಾಗ ವಾಸು ಕಿಟಕಿಯಿಂದ, "ಅಸ್ಸಾಮಿಗೆ ಬಾ ಅಣ್ಣ, ಅಲ್ಲಿ ಹುಲಿ ಉಂಟಂತೆ," ಎಂದ.

ಮನೆಗೆ ಹೋಗಿ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಮಗುವನ್ನು ತಟ್ಟುತ್ತ ಪೂರ್ತಿ ಕೇಳಿದಳು. ಬೈಯಬಹುದೆಂದು ಕಾದೆ.

"ಹಾಗಾದ್ರೆ ನಾಳೆಯಿಂದ ಸ್ನಾನಕ್ಕೆ ಬಿಸಿನೀರು ಕಾಯಿಸ್ಲಾ?" ಎಂದಳು.

"ಕಾಯಿಸು," ಎಂದೆ. ತುಂಬ ಮೆಲ್ಲಗೆ ಎಂದೆ. ಎದುರುಮನೆಯಲ್ಲಿ ಭಟ್ಟರು ಇನ್ನೂ ಮಲಗಿರಲಿಲ್ಲ.