ಹೆಲ್ಮೆಟ್ ತೆಗೆದಾಗ ಬಂದ ಜ್ವರ

ಮುಖ ಎನ್ನುವುದು ಎಷ್ಟು ತೊಂದರೆಯ ವಸ್ತು ಎಂಬುದು ಚಳ್ಳಕೆರೆಯಂಥ ಊರಿನಲ್ಲಿ ಬಹುಕಾಲ ಮೇಷ್ಟ್ರಾಗಿದ್ದವರಿಗೆ ಚೆನ್ನಾಗಿ ಗೊತ್ತು. ಬೀದಿಗೆ ಕಾಲಿಟ್ಟರೆ ಸಾಕು, ಹಳೆಯ ವಿದ್ಯಾರ್ಥಿಯೊಬ್ಬ ಅಡ್ಡ ನಿಂತು, “ನಾನ್ ಯಾರು ಹೇಳ್ರಿ ಸಾರ್ ನೋಡಾನ” ಎಂದು ನನಗೇ ಪರೀಕ್ಷೆ ಇಡುತ್ತಾನೆ. ಅವನಿಗೆ ಮೀಸೆ ಬಂದಿರುತ್ತದೆ, ಹೊಟ್ಟೆ ಬಂದಿರುತ್ತದೆ, ಪಕ್ಕದಲ್ಲಿ ಹೆಂಡತಿ ಮಕ್ಕಳೂ ಬಂದಿರುತ್ತಾರೆ. ನನಗೆ ಅವನ ಹೆಸರು ಮಾತ್ರ ಬರುವುದಿಲ್ಲ. ಇವನನ್ನು ದಾಟಿದರೆ ಎಣ್ಣೆ ಮಿಲ್ಲಿನ ಯಜಮಾನರು ಸಿಗುತ್ತಾರೆ. ಅವರ ಮೊಮ್ಮಗನಿಗೆ ಲೆಕ್ಕ ಯಾಕೆ ತಲೆಗೆ ಹತ್ತುವುದಿಲ್ಲ ಎಂಬುದನ್ನು ಸಮಾಜ ವಿಜ್ಞಾನದ ಮೇಷ್ಟ್ರಾದ ನಾನು ರಸ್ತೆ ನಡುವೆ ನಿಂತು ವಿವರಿಸಬೇಕು. ವಿವರಿಸುವುದಕ್ಕೆ ನನಗೇನೂ ಬೇಸರವಿಲ್ಲ. ನನ್ನ ಹೆಂಡತಿ ಗಿರಿಜಾ ಹೇಳುವಂತೆ, ಬೇಸರವೆಲ್ಲ ಕೇಳುವವರಿಗೆ.

ಹಾಗಾಗಿ ಹೆಲ್ಮೆಟ್ ಕಡ್ಡಾಯ ಎಂದಾಗ ಊರೆಲ್ಲ ಗೊಣಗಿದರೂ ನಾನೊಬ್ಬ ಒಳಗೊಳಗೇ ಹಿಗ್ಗಿದೆ. ನಮ್ಮ ಕಡೆ ಹೆಲ್ಮೆಟ್ಟು ತಲೆಗಿಂತ ಹೆಚ್ಚಾಗಿ ಮೊಣಕೈಯನ್ನು ಕಾಪಾಡಿದೆ. ಎಲ್ಲರೂ ಅದನ್ನು ತೋಳಿಗೆ ಸಿಕ್ಕಿಸಿಕೊಂಡು ಹೊರಡುತ್ತಾರೆ, ಪೊಲೀಸರು ಕಂಡರೆ ತಲೆಗೇರಿಸುತ್ತಾರೆ, ದಾಟಿದ ಮೇಲೆ ಮತ್ತೆ ತೋಳಿಗೆ ಇಳಿಸುತ್ತಾರೆ. ಸಂತೆಯ ದಿನ ಅದರಲ್ಲಿ ಟೊಮ್ಯಾಟೊ ತುಂಬಿಕೊಂಡು ಬರುವವರೂ ಇದ್ದಾರೆ. ನಾನು ಹಾಗಲ್ಲ. ಅಂಗಳದಲ್ಲೇ ಹಾಕಿಕೊಂಡು, ಕಪ್ಪು ಗಾಜು ಇಳಿಸಿ, ಊರನ್ನೆಲ್ಲ ನೋಡುತ್ತ, ಊರಿಗೆ ಕಾಣದೆ ಓಡಾಡುತ್ತಿದ್ದೆ. ಅಷ್ಟು ಸುಖ ನನಗೆ ಮಾವನ ಮನೆಯಲ್ಲೂ ಸಿಕ್ಕಿರಲಿಲ್ಲ.

ಈ ಸುಖಕ್ಕೆ ಕಲ್ಲು ಹಾಕಿದ್ದು ಪೆಟ್ರೋಲ್ ಬಂಕು. ತಳಕಿನ ಕಡೆ ಹೋಗುವ ದಾರಿಯಲ್ಲಿ ನಾನು ಯಾವಾಗಲೂ ಪೆಟ್ರೋಲ್ ಹಾಕಿಸುವ ಬಂಕೊಂದಿದೆ. ಅಲ್ಲಿ ಯಾವನೋ ಪುಣ್ಯಾತ್ಮ ಹೆಲ್ಮೆಟ್ ಹಾಕಿಕೊಂಡೇ ಬಂದು ಟ್ಯಾಂಕು ತುಂಬಿಸಿಕೊಂಡು ಪರಾರಿಯಾದನಂತೆ. ಕ್ಯಾಮೆರಾ ನೋಡಿದರೆ ಅದರಲ್ಲಿ ಬರೀ ಹೆಲ್ಮೆಟ್ಟು! ಅಂದಿನಿಂದ ಮಾಲೀಕರ ಆಜ್ಞೆಯಾಯಿತು: ಹೆಲ್ಮೆಟ್ ತೆಗೆದು ಮುಖ ತೋರಿಸಿದವರಿಗೇ ಪೆಟ್ರೋಲ್. ಆದರೆ ಹಿಂದೆ ಯಾವಾಗಲೋ ತೂಗುಹಾಕಿದ್ದ ‘ಹೆಲ್ಮೆಟ್ ಇಲ್ಲದಿದ್ದರೆ ಪೆಟ್ರೋಲ್ ಇಲ್ಲ’ ಎಂಬ ಬೋರ್ಡನ್ನು ಯಾರೂ ಇಳಿಸಲಿಲ್ಲ. ಅದರ ಪಕ್ಕದಲ್ಲೇ ‘ದಯವಿಟ್ಟು ಹೆಲ್ಮೆಟ್ ತೆಗೆಯಿರಿ’ ಎಂದು ಹೊಸದು ಬಂತು. ಎರಡನ್ನೂ ಓದಿಕೊಂಡವನು ಹೆಲ್ಮೆಟ್ ಹಾಕಿಕೊಂಡು ಬಂದು, ತೆಗೆದು, ಪೆಟ್ರೋಲ್ ಹಾಕಿಸಿಕೊಂಡು, ಮತ್ತೆ ಹಾಕಿಕೊಳ್ಳಬೇಕು. ಹುಟ್ಟಿದಾಗಿನಿಂದ ಹೆಲ್ಮೆಟ್ಟೇ ಮುಟ್ಟದವನು ಮಾತ್ರ ಸೀದಾ ಬಂದು ಸೀದಾ ಹೋಗುತ್ತಾನೆ.

ನನ್ನಂಥ ಕನ್ನಡಕದವನ ಪಾಡಂತೂ ಕೇಳಬೇಡಿ. ಮೊದಲು ಕನ್ನಡಕ ತೆಗೆಯಬೇಕು, ಆಮೇಲೆ ಹೆಲ್ಮೆಟ್. ಕನ್ನಡಕವನ್ನು ಜೇಬಿಗೆ ಹಾಕಿ, ಕಿವಿಗಳನ್ನು ಅರ್ಧ ಅಲ್ಲೇ ಬಿಟ್ಟು ತಲೆಯನ್ನು ಹೊರಗೆಳೆಯುವಷ್ಟರಲ್ಲಿ ಬಂಕಿನ ಹುಡುಗಿ ಗಂಗಾ, “ಸಾರ್, ಮೀಟ್ರು ಜೀರೋ ಐತೆ ನೋಡ್ಕಳಿ” ಅನ್ನುತ್ತಾಳೆ. ಕನ್ನಡಕವಿಲ್ಲದೆ ನನಗೆ ಮೀಟರೇ ಕಾಣುವುದಿಲ್ಲ. ಆದರೂ ಮೇಷ್ಟ್ರ ಗತ್ತು ಬಿಡಲಾದೀತೇ? “ಹೂಂ ಹೂಂ, ಸರಿಯಾಗಿದೆ” ಎಂದು ಎದುರಿನ ಗೋಡೆಯನ್ನು ನೋಡಿ ಹೇಳುತ್ತೇನೆ.

ಇರಲಿ, ನಾನು ಹೇಳಹೊರಟಿದ್ದು ನಮ್ಮ ಮಂಜನ ಮದುವೆಯ ಸಂಗತಿ. ಮಂಜ ನನ್ನ ಬಾಮೈದನ ಮಗ. ಬಾಮೈದ, ಎಂದರೆ ಗಿರಿಜಾಳ ತಮ್ಮ ತಿಪ್ಪೇಸ್ವಾಮಿ, ಚಳ್ಳಕೆರೆಯಲ್ಲೇ ಶೇಂಗಾ ಹಿಂಡಿಯ ಅಂಗಡಿ ಇಟ್ಟುಕೊಂಡಿದ್ದಾನೆ. ಮಂಜ ಕುದಾಪುರದ ಕಡೆ ಒಂದು ಸಂಶೋಧನೆಯ ಕ್ಯಾಂಪಸ್ಸಿನಲ್ಲಿ ಎಲೆಕ್ಟ್ರಿಷಿಯನ್. ಒಳ್ಳೆಯ ಹುಡುಗ, ಮೂವತ್ತು ದಾಟಿದೆ, ಕೂದಲೂ ದಾಟುವ ಸೂಚನೆ ತೋರಿಸುತ್ತಿದೆ. ಬೇಗ ಒಂದು ಹೆಣ್ಣು ಕೂಡಿಬರಲಿ ಎಂದು ಎರಡೂ ಮನೆಯವರು ದೇವರಿಗೆ ಮುಡಿಪು ಕಟ್ಟಿ ಕೂತಿದ್ದಾರೆ. ಆದರೆ ಈಗಾಗಲೇ ಎರಡು ಕಡೆ ನೋಡಿ, ಎರಡೂ ಮುರಿದುಬಿದ್ದಿದ್ದವು.

ಎರಡಕ್ಕೂ ಹಿರಿಯನಾಗಿ ಮಾತಾಡಲು ಹೋಗಿದ್ದವನು ನಾನೇ. ನನ್ನ ಕಡೆಯಿಂದ ಏನೂ ಕೊರತೆಯಾಗದಂತೆ ನೋಡಿಕೊಂಡಿದ್ದೆ. ಮೊದಲನೆಯ ಮನೆಯಲ್ಲಿ ಹುಡುಗನ ಗುಣ ಹೇಗೆ ಎಂದು ಕೇಳಿದರು. “ಬಹಳ ಪ್ರಾಮಾಣಿಕ. ನನ್ನ ಕ್ಲಾಸಿನಲ್ಲೇ ಇದ್ದ. ಕಾಪಿ ಹೊಡೆಯುವುದನ್ನೂ ಕದ್ದುಮುಚ್ಚಿ ಮಾಡಿದವನಲ್ಲ” ಎಂದು ಮನಸಾರೆ ಹೊಗಳಿದೆ. ಎರಡನೆಯ ಮನೆಯಲ್ಲಿ ಹುಡುಗಿಯ ತಾಯಿ, “ಕೆಲ್ಸ ಕಾಯಮ್ಮಾ?” ಎಂದರು. ಕಾಯಂ ಎಂಬ ಕಲ್ಪನೆಯೇ ಎಷ್ಟು ಪೊಳ್ಳು ಎಂಬುದನ್ನು ಆಕೆಗೆ ಬಿಡಿಸಿ ಹೇಳಿದೆ. ಇಲ್ಲೇ ಸಿದ್ದಾಪುರದ ಬಂಡೆಯ ಮೇಲೆ ಶಾಸನ ಕೊರೆಸಿದ ಅಶೋಕನ ಸಾಮ್ರಾಜ್ಯವೇ ಕಾಯಂ ಆಗಲಿಲ್ಲ, ಇನ್ನು ನಮ್ಮ ಮಂಜನ ಕೆಲಸ ಯಾವ ಲೆಕ್ಕ ಎಂದೆ. ಎಲ್ಲರೂ ಮಂತ್ರಮುಗ್ಧರಾಗಿ ಕೂತಿದ್ದರು. ಆಮೇಲೆ ಯಾಕೋ ಅವರಿಂದ ಫೋನೇ ಬರಲಿಲ್ಲ. ಜಾತಕದಲ್ಲೇ ಏನೋ ದೋಷ ಇರಬೇಕು ಎಂದು ನಾನು ತಿಪ್ಪೇಸ್ವಾಮಿಗೆ ಸಮಾಧಾನ ಹೇಳಿದೆ. ಅವನು ನನ್ನನ್ನೇ ನೋಡಿದ.

ಮೂರನೆಯ ಹೆಣ್ಣು ಮೊಳಕಾಲ್ಮೂರಿನದು. ರೇಷ್ಮೆ ಸೀರೆ ವ್ಯಾಪಾರದ ಮನೆ. ಭಾನುವಾರ ಹೋಗುವುದೆಂದು ನಿಶ್ಚಯವಾಯಿತು. ಅದೇ ಭಾನುವಾರ ಸಿದ್ದಾಪುರದ ನನ್ನ ಗೆಳೆಯ ಪಾಲಯ್ಯ, “ಹೊಲದಾಗೆ ಹಸಿ ಶೇಂಗಾ ಸುಟ್ಟು ತಿನ್ನಾನ ಬಾರಲೇ” ಎಂದು ಕರೆದಿದ್ದ. ಒಂದು ಕಡೆ ಬೆಂಕಿಯಿಂದ ಈಗಷ್ಟೇ ತೆಗೆದ ಶೇಂಗಾ. ಇನ್ನೊಂದು ಕಡೆ ನೋಯುವ ಮಂಡಿ ಮಡಚಿ ಚಾಪೆಯ ಮೇಲೆ ಕೂತು, ಸಕ್ಕರೆ ಕಾಯಿಲೆಯ ಬಾಯಿಗೆ ಬಲವಂತದ ಕೇಸರಿಬಾತು. ನೀವೇ ಹೇಳಿ. ನಾನು ಗಿರಿಜಾಳನ್ನು ಕರೆದು, “ನನಗೆ ಜ್ವರ ಅಂತ ನಿನ್ನ ತಮ್ಮನಿಗೆ ಹೇಳಿಬಿಡು” ಎಂದೆ. ಜಗಳ ಆಗುತ್ತದೆ ಎಂದುಕೊಂಡಿದ್ದೆ. ಅವಳು, “ಆಯ್ತು ಬಿಡ್ರಿ, ಈಗ್ಲೇ ಹೇಳ್ತೀನಿ” ಎಂದು ಕೈ ಒರೆಸಿಕೊಂಡು ಫೋನಿಗೆ ಓಡಿದಳು. ಇಂಥ ಹೆಂಡತಿಯನ್ನು ಪಡೆಯಲು ಪುಣ್ಯ ಮಾಡಿರಬೇಕು ಅನ್ನಿಸಿತು.

ಸ್ವಲ್ಪ ಹೊತ್ತಿಗೆ ತಿಪ್ಪೇಸ್ವಾಮಿಯೇ ಫೋನ್ ಮಾಡಿದ. “ಭಾವ, ಜ್ವರ ಅಂತಲ್ರೀ? ನೀವಿಲ್ದೆ ನಾವು ಹೋಗಿ ಏನ್ ಮಾತಾಡಾನ? ಮುಂದಕ್ಕೆ ಹಾಕೀವಿ. ನೀವು ಆರಾಮಾಗಿ ಮಲಿಕ್ಕಳಿ.” ನನ್ನ ಕಣ್ಣು ಒದ್ದೆಯಾಯಿತು. ಒಂದು ಹಿಡಿ ಶೇಂಗಾಕ್ಕಾಗಿ ಹುಡುಗನ ಬಾಳನ್ನೇ ತಡೆದೆನಲ್ಲಾ ಎಂದು ನನ್ನನ್ನೇ ಬೈದುಕೊಂಡೆ. ಆದರೆ ಒಳಗೆ ಎಲ್ಲೋ ಒಂದು ಕಡೆ ಹೆಮ್ಮೆಯೂ ಆಯಿತು. ನಾನಿಲ್ಲದೆ ಇವರ ಒಂದು ಕಾರ್ಯವೂ ನಡೆಯುವುದಿಲ್ಲ ನೋಡಿ!

ಭಾನುವಾರ ಬೆಳಿಗ್ಗೆ ಗಿರಿಜಾ ಖಾರದ ಪುಡಿ ಮಾಡಿಸಲು ತವರಿಗೆ ಹೋಗುತ್ತೇನೆ ಎಂದು ಹೊರಟಳು. ಖಾರದ ಪುಡಿಗೆ ಮೊಳಕಾಲ್ಮೂರು ಸೀರೆ ಯಾಕೆ ಉಟ್ಟಳು ಎಂದು ನಾನು ಕೇಳಲಿಲ್ಲ. ಜ್ವರ ಬಂದವನು ಮನೆಯಿಂದ ಹೊರಡುವ ಆತುರದಲ್ಲಿದ್ದೆ. ಹೆಲ್ಮೆಟ್ ಹಾಕಿ, ಗಾಜು ಇಳಿಸಿ, ಊರು ದಾಟಿ, ಅದೇ ಬಂಕಿಗೆ ಬಂದೆ.

ನನ್ನ ಮುಂದೆ ಒಂದು ಹೊಸ ಬೈಕು. ಅದರ ಮೇಲೆ ಬಿಳಿ ಪಂಚೆ, ಬಿಳಿ ಅಂಗಿ, ಹೆಲ್ಮೆಟ್. ಹ್ಯಾಂಡಲ್ಲಿಗೆ ಹಣ್ಣು ಹೂವಿನ ಚೀಲ ತೂಗುಬಿದ್ದಿತ್ತು. ಆಸಾಮಿ ಹಿಂತಿರುಗಿ ನನ್ನ ಗಾಡಿಯನ್ನು ಒಮ್ಮೆ ನೋಡಿದವನೇ ಗಾಜನ್ನು ಇನ್ನೂ ಕೆಳಗೆಳೆದುಕೊಂಡ. ಗಂಗಾ, “ಯಜಮಾನ್ರೆ, ಹೆಲ್ಮೆಟ್ ತೆಗೀರಿ” ಎಂದಳು. ಅವನು ಆಗುವುದಿಲ್ಲ ಎಂಬಂತೆ ತಲೆಯಾಡಿಸಿದ. “ತೆಗೀರೀ, ಓನರ್ ಮೊಬೈಲ್ನಾಗೆ ನೋಡ್ತಿರ್ತಾರೆ, ನನಗೆ ಬೈತಾರೆ” ಎಂದಳು. ಅವನು ಗಂಟಲು ತೋರಿಸಿದ, ಹಲ್ಲು ನೋವೆಂಬಂತೆ ಹೆಲ್ಮೆಟ್ಟಿನ ಮೇಲೇ ದವಡೆ ಒತ್ತಿ ಹಿಡಿದ, ಕೈ ಮುಗಿದ. ಹೆಲ್ಮೆಟ್ ಮಾತ್ರ ತೆಗೆಯಲಿಲ್ಲ. ಹಿಂದಿನವರು ಹಾರನ್ ಹೊಡೆಯತೊಡಗಿದರು. ಒಬ್ಬ ಹೆಣ್ಣುಮಗಳನ್ನು ಹೀಗೆ ಸತಾಯಿಸುವುದನ್ನು ನೋಡಿ ನನ್ನೊಳಗಿನ ಮೇಷ್ಟ್ರು ಎದ್ದು ನಿಂತರು. ಗಾಡಿಗೆ ಸ್ಟ್ಯಾಂಡ್ ಹಾಕಿ, ಕನ್ನಡಕ ತೆಗೆದು, ಹೆಲ್ಮೆಟ್ ತೆಗೆದು, ಕನ್ನಡಕ ಹಾಕಿಕೊಂಡು ಮುಂದೆ ಹೋದೆ.

“ಅಲ್ಲ ಸ್ವಾಮಿ,” ಎಂದು ಶುರು ಮಾಡಿದೆ. ನಿಯಮ ಎಂದರೇನು, ನಾಗರಿಕತೆ ಎಂದರೇನು, ಕಾಯಕ ಮಾಡುವವರಿಗೆ ನಾವು ಕೊಡಬೇಕಾದ ಗೌರವ ಎಂಥದ್ದು, ಎಲ್ಲವನ್ನೂ ಸಾಕಷ್ಟು ವಿಸ್ತಾರವಾಗಿ ಹೇಳಿದೆ. ಕೊನೆಗೆ ಧ್ವನಿ ಏರಿಸಿ, “ತಪ್ಪು ಮಾಡದವನಿಗೆ ಮುಖ ತೋರಿಸಲು ಹೆದರಿಕೆ ಯಾಕ್ರೀ? ನನ್ನನ್ನು ನೋಡಿ! ತೆಗೆದಿಲ್ಲವೇ?” ಎಂದು ಕೂಗಿದೆ. ಸಾಲಿನಲ್ಲಿದ್ದವರೆಲ್ಲ ಹೌದು ಹೌದು ಎಂದರು. ಆಸಾಮಿ ಒಂದು ದೊಡ್ಡ ಉಸಿರು ಬಿಟ್ಟು, ನಿಧಾನವಾಗಿ ಹೆಲ್ಮೆಟ್ ಎತ್ತಿದ.

ತಿಪ್ಪೇಸ್ವಾಮಿ!

“ಭಾವ,” ಎಂದ ಅವನು, ಬೆವರು ಒರೆಸಿಕೊಳ್ಳುತ್ತ. “ಜ್ವರ ಹೆಂಗೈತ್ರಿ?”

ನನ್ನ ಕೈ ತಾನಾಗಿಯೇ ಹಣೆ ಮುಟ್ಟಿ ನೋಡಿತು. ಎಲ್ಲ ಅಭ್ಯಾಸ. “ಇಳಿದಿದೆ,” ಎಂದೆ. ಆಮೇಲೆ ಹಣ್ಣಿನ ಚೀಲ ಕಣ್ಣಿಗೆ ಬಿತ್ತು. “ಮುಂದಕ್ಕೆ ಹಾಕಿದ್ದೀವಿ ಅಂದಿದ್ದಲ್ಲೋ?”

“ಹಾಕಿದ್ವಿ ಭಾವ. ಆಮ್ಯಾಲೆ ಹಿಂದಕ್ಕೆ ತಂದ್ವಿ.”

“ನನಗೆ ಹೇಳದೇ?”

“ಅಕ್ಕನೇ ಬ್ಯಾಡ ಅಂದ್ಲು... ಅವ್ಳು, ಮಂಜ, ನಮ್ಮನೆಯಾಕೆ ಎಲ್ಲಾ ಬಸ್ಸಿನಾಗೆ ಮುಂದೆ ಹೋಗ್ಯಾರೆ...” ಎಂದವನು ನಾಲಿಗೆ ಕಚ್ಚಿಕೊಂಡ. ಖಾರದ ಪುಡಿ ಎಲ್ಲಿ ತಯಾರಾಗುತ್ತಿದೆ ಎಂಬುದು ಆಗ ಗೊತ್ತಾಯಿತು. ಅವನೇ ಮೆಲ್ಲಗೆ, “ಸಿಟ್ಟಾಗಬ್ಯಾಡ್ರಿ ಭಾವ. ನೀವು ಅಶೋಕನ್ನ ತಂದ್ರಿ ನೋಡ್ರಿ, ಆವಾಗಿಂದ ಮಂಜ ನಿಮ್ಮ ಹೆಸರೆತ್ತಿದ್ರೆ ಅಳ್ತಾನೆ” ಎಂದ.

ನನಗೆ ನಿಜವಾಗಿಯೂ ಬೇಜಾರಾಯಿತು. ನಾನು ಇವರಿಂದ ತಪ್ಪಿಸಿಕೊಂಡೆ ಎಂದು ಬೀಗುತ್ತಿದ್ದರೆ, ಇವರೆಲ್ಲ ಸೇರಿ ನನ್ನಿಂದ ತಪ್ಪಿಸಿಕೊಂಡಿದ್ದರು. ಗಂಗಾ ಇಬ್ಬರನ್ನೂ ನೋಡಿ, “ಇಬ್ರೂ ಒಂದೇ ಮನೇರಾ? ಒಳ್ಳೇದಾತು, ಮುಂದೆ ಹೋಗಿ ಮಾತಾಡ್ರಿ, ಲೈನ್ ಐತೆ” ಎಂದು ಎರಡೂ ಟ್ಯಾಂಕು ತುಂಬಿಸಿ ಕಳಿಸಿದಳು.

ಬಂಕಿನ ಆಚೆಗಿನ ಬೇವಿನ ಮರದ ನೆರಳಲ್ಲಿ ಒಪ್ಪಂದವಾಯಿತು. ನನ್ನನ್ನು ಬಿಟ್ಟು ಹೋಗಲು ತಿಪ್ಪೇಸ್ವಾಮಿಗೆ ಈಗ ಮುಖವಿಲ್ಲ. ಬಿಟ್ಟಿರಲು ನನಗೂ ಮನಸ್ಸಿಲ್ಲ. “ಬರ್ರಿ ಭಾವ. ಆದ್ರೆ ಜ್ವರ ಇಟ್ಕಂಡೇ ಬರ್ರಿ. ಗಂಟ್ಲು ಕಟ್ಟೈತೆ, ಡಾಕ್ಟ್ರು ಮಾತಾಡಬ್ಯಾಡ ಅಂದಾರೆ ಅಂತ ನಾನೇ ಹೇಳ್ತೀನಿ” ಎಂದ. ಮಂಜನ ಮುಖ ನೆನೆದು ಒಪ್ಪಿಕೊಂಡೆ.

ಮೊಳಕಾಲ್ಮೂರಿನ ಆ ಮನೆಯ ಬಾಗಿಲಲ್ಲಿ ನನ್ನನ್ನು ಕಂಡ ಗಿರಿಜಾಳ ಮುಖ ಹೇಗಾಯಿತೆಂದು ವರ್ಣಿಸಲಾರೆ. ಮಂಜ ನೀರಿನ ಲೋಟ ಕೈಬಿಟ್ಟ. ತಿಪ್ಪೇಸ್ವಾಮಿ ಗಂಟಲಿನ ಕಥೆ ಹೇಳಿದ ಮೇಲೆ ಇಬ್ಬರಿಗೂ ಜೀವ ಬಂತು. ನಾನು ಕತ್ತಿಗೆ ಟವೆಲ್ ಸುತ್ತಿಕೊಂಡು ಚಾಪೆಯ ಮೇಲೆ ಕೂತೆ. ಜ್ವರದವರಿಗೆ ಸಿಹಿ ಬೇಡ ಎಂದು ಅವರೇ ಕೇಸರಿಬಾತು ತಪ್ಪಿಸಿದರು. ಅದೊಂದೇ ಲಾಭ. ಸಿದ್ದಾಪುರದಿಂದ ಪಾಲಯ್ಯನ ಫೋನು ಬಡಿದುಕೊಳ್ಳುತ್ತಲೇ ಇತ್ತು, ಎತ್ತುವ ಹಾಗಿರಲಿಲ್ಲ.

ಅಷ್ಟರಲ್ಲಿ ಹುಡುಗಿಯ ತಂದೆ ಕೇಳಿಯೇಬಿಟ್ಟರು: “ಕೆಲಸ ಕಾಯಂ ಏನ್ರಿ?”

ಅಶೋಕ ನನ್ನ ಗಂಟಲಿನವರೆಗೂ ಬಂದ. ಬಾಯಿ ತೆರೆದೆ. ಗಿರಿಜಾ ಸೆರಗಿನ ಮರೆಯಿಂದ ನನ್ನನ್ನೊಮ್ಮೆ ನೋಡಿದಳು. ನಾನು ಕೆಮ್ಮಿದೆ. ಆಗ ಮಂಜನೇ, “ಕಾಂಟ್ರ್ಯಾಕ್ಟು ರೀ. ಆದ್ರೆ ಕೈಯಾಗೆ ಕಸುಬು ಐತೆ, ಎಲ್ಲಿ ಹೋದ್ರೂ ದುಡೀತೀನಿ” ಎಂದ. ಒಳಬಾಗಿಲಲ್ಲಿ ನಿಂತಿದ್ದ ಹುಡುಗಿ ಅವನನ್ನು ತಲೆಯೆತ್ತಿ ನೋಡಿ ಸಣ್ಣಗೆ ನಕ್ಕಳು. ತಂದೆ, “ಅಷ್ಟು ಸಾಕು ಬಿಡಪ್ಪ” ಎಂದರು. ಮುಗಿಯಿತು. ಅಶೋಕ ಬೇಕಾಗಲೇ ಇಲ್ಲ.

ಸಂಜೆಯ ಹೊತ್ತಿಗೆ ಎಲೆ ಅಡಿಕೆ ಬದಲಾಯಿಸಿ ಮಾತು ಗಟ್ಟಿಯಾಯಿತು. ಹೊರಡುವಾಗ ಹುಡುಗಿಯ ತಂದೆ ನನ್ನ ಎರಡೂ ಕೈ ಹಿಡಿದುಕೊಂಡು ತಿಪ್ಪೇಸ್ವಾಮಿಗೆ ಹೇಳಿದರು: “ನಿಮ್ಮ ಭಾವನವರನ್ನ ನೋಡಿಯೇ ನಾವು ಒಪ್ಪಿದ್ದು ನೋಡ್ರಿ. ದೊಡ್ಡ ಮನುಷ್ಯ, ತೆಲುಗಿನಾಗೆ ಪೆದ್ದಮನಿಷಿ ಅಂತಾರಲ್ಲ, ಅಂದ್ರೆ ಹಿಂಗಿರ್ಬೇಕು. ಒಂದು ಮಾತು ಹೆಚ್ಚಿಲ್ಲ, ಕಡಿಮೆ ಇಲ್ಲ. ಇಂಥಾ ಗಂಭೀರ ಹಿರೇರಿರೋ ಮನೇಗೆ ಕಣ್ಣು ಮುಚ್ಚಿ ಹೆಣ್ಣು ಕೊಡಬೌದು.”

ಬೈಕಿನ ಹತ್ತಿರ ಬಂದ ಮೇಲೆ ತಿಪ್ಪೇಸ್ವಾಮಿ ನನ್ನ ಕಾಲಿಗೇ ಬಗ್ಗಿದ. “ಭಾವ, ಕೈ ಮುಗೀತೀನಿ. ಮದ್ವೆ ಮುಗಿಯೋ ತನ್ಕ ಈ ಜ್ವರ ಇಳಿಸ್ಕಬ್ಯಾಡ್ರಿ.”

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಹುಡುಗಿಯ ತಂದೆ ಇನ್ನೂ ಬಾಗಿಲಲ್ಲೇ ಕೈಮುಗಿದು ನಿಂತಿದ್ದರು. ನಾನು ಗಂಭೀರವಾಗಿ ತಲೆಯಾಡಿಸಿ, ಹೆಲ್ಮೆಟ್ ಹಾಕಿ, ಗಾಜು ಇಳಿಸಿಕೊಂಡೆ. ಆಮೇಲೆ ಬೆಳಗಿನಿಂದ ತಡೆದಿಟ್ಟಿದ್ದ ಅಶೋಕನ ವಿಷಯವನ್ನೆಲ್ಲ ಚಳ್ಳಕೆರೆ ಬರುವವರೆಗೂ ಅದರೊಳಗೇ ನನಗೆ ನಾನೇ ಹೇಳಿಕೊಂಡು ಹೋದೆ.