ರೊಟ್ಟಿಯ ನೇರ ಪ್ರಸಾರ

ಹೆಂಡತಿಗೆ ‘ನೀನಿಲ್ಲದೆ ಬೇಜಾರಾಗಿದೆ’ ಎಂದು ಹೇಳಲಾಗದ ಗಂಡಸರ ಸಂಘವೊಂದಿದ್ದರೆ ಅದರ ಅಧ್ಯಕ್ಷಗಿರಿ ನನಗೇ ಸಿಗಬೇಕು, ಅದೂ ಅವಿರೋಧವಾಗಿ. ನನ್ನ ಹೆಂಡತಿ ಶರಣಮ್ಮ ತಂಗಿಯ ಬಾಣಂತನಕ್ಕೆಂದು ದೇವದುರ್ಗದ ತವರಿಗೆ ಹೋದಳು. ಹದಿನೈದು ದಿನವೆಂದದ್ದು ಎರಡನೇ ತಿಂಗಳಿಗೆ ಬಿದ್ದಿದೆ. ರಾಯಚೂರಿನ ಮನೆಯಲ್ಲಿ ನಾನೂ ಗಡಿಯಾರವೂ ಇದ್ದೇವೆ. ಬಾಗಿಲ ಹಿಂದಿನ ಮೊಳೆಗೆ ಅವಳ ಸೀರೆಯೊಂದು ಇನ್ನೂ ತೂಗುತ್ತಿದೆ, ಮಡಿಚಿಡಲು ಮನಸ್ಸಾಗಿಲ್ಲ. ಫೋನಿಲ್ಲವೇ ಎಂದು ನೀವು ಕೇಳಬಹುದು. ಇದೆ. ಆದರೆ ಅವಳ ಎರಡೂ ಕೈ ಕೂಸಿನ ಎಣ್ಣೆಯಲ್ಲಿರುವುದರಿಂದ ಫೋನು ಸದಾ ಸ್ಪೀಕರಿನಲ್ಲಿ, ಪಕ್ಕದಲ್ಲೇ ನನ್ನ ಅತ್ತೆ. “ಊಟ ಆತೇನ್ರಿ?” “ಆತು.” “ಮತ್ತ?” “ಮತ್ತೇನಿಲ್ಲ.” ಅತ್ತೆಯ ಕಿವಿಗೆ ಬೀಳುವಂತೆ ‘ಬಂದುಬಿಡು’ ಎನ್ನುವುದು ಹೇಗೆ?

ದಿನಾ ಬಸ್ಸಿನಲ್ಲಿ ಹೋಗಿಬರುವ ಮಾನ್ವಿಯ ಕಚೇರಿಯಲ್ಲಿ ಪಕ್ಕದ ಮೇಜಿನ ಮೆಹಬೂಬ್ ಸಾಹೇಬರು ನನ್ನ ಡಬ್ಬಿಯಲ್ಲಿ ಮೂರನೇ ದಿನವೂ ಅವಲಕ್ಕಿ ಕಂಡು ಮರುಗಿದರು. ಸ್ಪೀಕರಿನ ಕಷ್ಟ ಹೇಳಿಕೊಂಡೆ. “ಹೇಳಾಕ ಆಗ್ಲಿಲ್ಲಂದ್ರ ತೋರ್ಸ್ರಿ ಸರ. ನಮ್ಮ ಭಾಂಜಾ ಲೈವಿನಾಗ ಅತ್ತರ್ ಮಾರ್ತಾನ. ನೀವು ಲೈವಿನಾಗ ರೊಟ್ಟಿ ಮಾಡ್ರಿ. ನಿಮ್ಮ ಫಜೀತಿ ನೋಡಿದ್ರ ಭಾಬಿ ಮರುದಿನಾನ ಬಸ್ ಹತ್ತತಾರ” ಎಂದರು. ವಾಸನೆಯೇ ಬಾರದ ಕಡೆ ಅತ್ತರು ಮಾರುವವನ ಮಾಮ ಹೇಳಿದ ಮೇಲೆ ನಂಬದಿರಲಾಗಲಿಲ್ಲ.

ಆದರೆ ಲೈವ್ ಯಾವ ಆ್ಯಪಿನಲ್ಲಿ? ಕೆಂಪು ಗುರುತಿನದರಲ್ಲಿ ಜಗತ್ತೇ ನೋಡುತ್ತದಂತೆ, ಆದರೆ ಹೊಸಬರಿಗೆ ನೂರೆಂಟು ನಿಯಮ. ಗುಲಾಬಿಯದರಲ್ಲಿ ಬರೀ ಹುಡುಗರು. ನೀಲಿಯದರಲ್ಲಿ ಬಂಧುಬಳಗ, ಕಚೇರಿಯವರು ಎಲ್ಲ. ನನಗೆ ಬೇಕಾದವಳು ಒಬ್ಬಳೇ ಪ್ರೇಕ್ಷಕಿ, ಅವಳು ಯಾವುದರಲ್ಲಿದ್ದಾಳೆಂಬುದೇ ಗೊತ್ತಿಲ್ಲ. ಹನ್ನೆರಡು ವರ್ಷ ಸಂಸಾರ ಮಾಡಿಯೂ, ಒಲೆಯ ಪಕ್ಕ ಫೋನು ಒರಗಿಸಿಕೊಂಡು ಅವಳು ಏನು ನೋಡುತ್ತಿದ್ದಳೆಂದು ಒಮ್ಮೆಯೂ ನಾನು ಬಗ್ಗಿ ನೋಡಿರಲಿಲ್ಲ. ಆ ದಿನ ಅದು ನೆನಪಾಗಿ ಬಹಳ ಕೆಟ್ಟದೆನಿಸಿತು. ಕೊನೆಗೆ ಸ್ಪೀಕರಿನಲ್ಲೇ ಕೇಳಿದೆ. “ನೀಲಿದು ರೀ. ಯಾಕ?” “ಸುಮ್ನ.”

ಭಾನುವಾರ ಬೆಳಿಗ್ಗೆ ಫೋನನ್ನು ಉಪ್ಪಿನಕಾಯಿ ಭರಣಿಗೆ ಒರಗಿಸಿ, ಜೋಳದ ಹಿಟ್ಟು ನಾದಿದೆ. ಮೊದಲ ರೊಟ್ಟಿ ಹಂಚಿಗೆ ಹೋಗುವ ದಾರಿಯಲ್ಲೇ ಮೂರು ಪಾಲಾಯಿತು. ನೋಡುವವರು ನಾಲ್ಕಾದರು, ಒಂಬತ್ತಾದರು, ಶರಣಮ್ಮನ ಹೆಸರೂ ಕಂಡಿತು. ಎಲ್ಲವೂ ಸಾಹೇಬರು ಹೇಳಿದಂತೆಯೇ ನಡೆದಿತ್ತು. ಅಷ್ಟರಲ್ಲಿ ನಮ್ಮ ಸೂಪರಿಂಟೆಂಡೆಂಟರು ಬಂದು, “ಏನ್ರೀ ಅದು, ಹಪ್ಪಳ?” ಎಂದು ಬರೆದರು. ಹಿಂದೆಯೇ ಕಚೇರಿಯವರೆಲ್ಲ ನಗುವ ಮುಖಗಳನ್ನು ಸುರಿದರು. ಮಾನ ಅಡ್ಡ ಬಂತು. “ನೆಟ್‌ವರ್ಕ್ ಸರಿ ಇಲ್ರೀ” ಎಂದು ಬಂದ್ ಮಾಡಿ, ಓಣಿಯ ಮೂಲೆಯಲ್ಲಿ ರೊಟ್ಟಿ ಮಾರುವ ಶಂಕ್ರಮ್ಮನ ಹತ್ತಿರ ಓಡಿದೆ. ಐದು ಬಿಸಿ ರೊಟ್ಟಿ ತಂದು, ಮತ್ತೆ ಲೈವ್ ಬಂದು, ಒಂದೊಂದನ್ನೇ ಹಂಚಿಗೆ ಹಾಕಿ, ಮಗುಚಿ, ಎತ್ತಿ ತೋರಿಸಿದೆ. ಚಪ್ಪಾಳೆಗಳು ಸುರಿದವು. ಯಾಕೆ ಲೈವ್ ಬಂದಿದ್ದೆ ಎಂಬುದೇ ಮರೆತುಹೋಗಿತ್ತು.

ಮುಗಿಸುವಷ್ಟರಲ್ಲಿ ಅವಳ ಫೋನು ಬಂತು. “ಸ್ಪೀಕರ್ ಇಲ್ರಿ, ಹಿತ್ತಲಕ್ಕ ಬಂದು ಮಾತಾಡಾಕತ್ತೀನಿ” ಎಂದಳು. ಅವಳು ಹೋದ ಮೇಲೆ ಮೊದಲ ಸಲ ಆ ದನಿ ನನಗೊಬ್ಬನಿಗೇ ಸಿಕ್ಕಿತ್ತು. “ನಿಮ್ಮ ಊಟದ ಚಿಂತಿ ಭಾಳ ಹತ್ತಿತ್ತು. ನಾಳಿ ಬರೋಣಂತ ಚೀಲಾನೂ ಕಟ್ಟಿದ್ದೆ. ಈಗ ನೋಡಿದ್ರ ನನಗಿಂತ ಛಲೋ ಮಾಡಾಕತ್ತೀರಿ. ಇನ್ನೊಂದು ತಿಂಗಳು ಇದ್ದು ಬರ್ಲೇನ್ರಿ?”

ನಾನು ಬೇಡ ಎನ್ನಲಿ ಎಂದು ಕಾಯುತ್ತಿದ್ದಳೆಂದು ಈಗ ಅನ್ನಿಸುತ್ತದೆ. ನನ್ನ ಮುಂದೆ ತಟ್ಟೆಯಲ್ಲಿ ಐದು ರೊಟ್ಟಿ ಆರುತ್ತಿದ್ದವು.

“ಅವಸರ ಮಾಡಬ್ಯಾಡ, ಆರಾಮ ಇದ್ದು ಬಾ” ಎಂದುಬಿಟ್ಟೆ.

ರೊಟ್ಟಿ ಶಂಕ್ರಮ್ಮನವು. ಆ ಮಾತು ಮಾತ್ರ ನಾನೇ ಮಾಡಿದ್ದು.