ಪಂಪು ಕಾರ್ಖಾನೆಯಲ್ಲಿ ಜಮೈಕಾದ ಹಾಡು

ನಮ್ಮ ಕಾರ್ಖಾನೆಯ ವಾರ್ಷಿಕೋತ್ಸವಕ್ಕೆ ಒಂದು ಸಮೂಹಗೀತೆಯನ್ನು ಆರಿಸುವ ಹೊಣೆ ನನ್ನ ಪಾಲಿಗೆ ಬಂದಾಗ ನಾನು ಲೇಶಮಾತ್ರವೂ ಅಳುಕಲಿಲ್ಲ. ಪೀಣ್ಯದ ಆ ಪಂಪು ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ನಾನು ಪ್ರೊಬೇಷನ್ನಿನಲ್ಲಿದ್ದೆ. ಕಾಯಂ ಆಗಲು ಹದಿನೈದು ದಿನ ಉಳಿದಿತ್ತು. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗ. ಒಂದು ಹಾಡನ್ನು ಆರಿಸುವುದು ನನ್ನ ವಿದ್ಯಾರ್ಹತೆಗೆ ಮೀರಿದ ಕೆಲಸವೆಂದು ತೋರಲಿಲ್ಲ.

ಮ್ಯಾನೇಜರ್ ಪ್ರಭಾಕರ್ ಅವರದು ಒಂದೇ ಷರತ್ತು. "ನೋಡಪ್ಪ, ಎಂ.ಡಿ. ಬರ್ತಾರೆ, ಜರ್ಮನಿ ಕಸ್ಟಮರ್ಸೂ ಬರ್ತಾರೆ. ಹಾಡು ಸ್ವಲ್ಪ ಇಂಟರ್‌ನ್ಯಾಷನಲ್ಲಾಗಿರ್ಲಿ. ಆದ್ರೆ ವರ್ಕರ್ಸ್ ಬಾಯಿಗೆ ಬರೋ ಹಂಗಿರ್ಬೇಕು."

ನನಗೆ ತಿಳಿದಿದ್ದ ಅಂತಾರಾಷ್ಟ್ರೀಯ ಹಾಡು ಒಂದೇ: ಜಮೈಕಾ ದೇಶದ ಒಂದು ಹಳೆಯ ರೆಗ್ಗೆ ಗೀತೆ. ಮೂಲ ಗಾಯಕನ ಕಂಠದಲ್ಲಿ ಅದನ್ನು ನಾನು ಕೇಳಿರಲಿಲ್ಲ. ಹಲ್ಲಿನ ಡಾಕ್ಟರ ಕೋಣೆಯಲ್ಲಿ ಅದು ಕೊಳಲಾಗಿತ್ತು, ಭಾವಮೈದುನನ ಮೊಬೈಲಿನಲ್ಲಿ ಡಾನ್ಸ್ ಹಾಡಾಗಿತ್ತು, ಪಕ್ಕದ ಶಾಲೆಯಲ್ಲಿ ಮಕ್ಕಳ ಪ್ರಾರ್ಥನೆಯಂತೆ ಕೇಳುತ್ತಿತ್ತು. ಕಿವಿಗೆ ಮೂರೂ ಹಿತವಾಗಿದ್ದವು. ಸೈಬರ್ ಸೆಂಟರಿನಲ್ಲಿ ಅದರ ಸಾಹಿತ್ಯವನ್ನು ಪ್ರಿಂಟ್ ತೆಗೆಸಿದಾಗ ನನ್ನ ಆನಂದ ಇಮ್ಮಡಿಯಾಯಿತು. ಅದರಲ್ಲಿ ಬಾವಿಯಿತ್ತು, ನೀರಿತ್ತು, ಬಾಯಾರಿಕೆಯಿತ್ತು. ಪಂಪು ಕಾರ್ಖಾನೆಗೆ ಇನ್ನೇನು ಬೇಕು?

ಒಂದೇ ಸಂಜೆಯಲ್ಲಿ ಕನ್ನಡಕ್ಕೆ ತಂದೆ: "ಬಾವಿ ತೋಡಿದವರು ನಾವು, ಹಗ್ಗ ಹೊಸೆದವರು ನಾವು, ನೀರೆಲ್ಲಿ ಸ್ವಾಮಿ, ನೀರೆಲ್ಲಿ?"

ಹೆಂಡತಿ ಸವಿತಾ ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡಳು. "ಇದು ಜಗಳದ ಹಾಡಲ್ವೇನ್ರೀ?"

"ಇದು ಜಲಸಂಪನ್ಮೂಲದ ಕುರಿತದ್ದು."

"ಸ್ವಾಮಿ ಅಂದ್ರೆ ಯಾರು?"

"ದೇವರು."

"ದೇವರನ್ನ ಯಾರಾದ್ರೂ ಹಿಂಗೆ ಗದರಿಸ್ತಾರಾ?"

ಅವಳು ಪಿಯುಸಿಯವರೆಗೆ ಮಾತ್ರ ಓದಿದ್ದರಿಂದ ನಾನು ಚರ್ಚೆಯನ್ನು ಮುಂದುವರಿಸಲಿಲ್ಲ.

ಮುಖ್ಯ ಗಾಯಕನಾಗಿ ಮಷೀನ್ ಶಾಪಿನ ಕಾರ್ಮಿಕ, ಮಾಕಳಿಯ ನಂಜುಂಡಣ್ಣನನ್ನು ಆರಿಸಿದೆ. ಲೇತ್ ಯಂತ್ರದ ಸದ್ದನ್ನೂ ಮೀರಿಸುವ ಕಂಠ ಅವನದು. ಹಾಡನ್ನು ಎರಡು ಬಾರಿ ಓದಿ ನನ್ನ ಮುಖ ನೋಡಿದ. "ಸಾರ್, ಮ್ಯಾನೇಜ್‌ಮೆಂಟೇ ಇದನ್ನ ಆಡೋಕೆ ಯೇಳೈತಾ?"

"ಅನುಮೋದನೆಯಾಗಿದೆ" ಎಂದೆ. ಆಗಿತ್ತು. ಪ್ರಭಾಕರ್ ಅವರು ಓದದೆಯೇ ಸಹಿ ಮಾಡಿದ್ದರು.

"ಅಂಗಾದ್ರೆ ಮನ್ಸಿಟ್ಟು ಆಡ್ತೀವಿ ಬಿಡಿ."

ಬೇಕಾಗಿದ್ದುದು ಹನ್ನೆರಡು ಜನ. ಅಭ್ಯಾಸಕ್ಕೆ ನಲವತ್ತು ಜನ ಬಂದರು. ಕಾರ್ಮಿಕರಲ್ಲಿ ಕಲಾಭಿರುಚಿ ಹೆಚ್ಚುತ್ತಿದೆ ಎಂದು ನಾನು ವರದಿ ಬರೆದೆ.

ಇಲ್ಲಿ ಒಂದು ಸಂಗತಿಯನ್ನು ನಿವೇದಿಸಬೇಕು. ಮಷೀನ್ ಶಾಪಿನ ಕುಡಿಯುವ ನೀರಿನ ಫಿಲ್ಟರ್ ಮೂರು ವಾರಗಳಿಂದ ಕೆಟ್ಟಿತ್ತು. ಕಾರ್ಮಿಕರ ಅರ್ಜಿ ನನ್ನ ಮೇಜಿನ ಮೇಲೆಯೇ ಇತ್ತು. ಅದರ ಭಾಷೆ ಅಷ್ಟು ಶುದ್ಧವಾಗಿರಲಿಲ್ಲವಾದ್ದರಿಂದ, ತಿದ್ದಿ ಮೇಲಕ್ಕೆ ಕಳುಹಿಸೋಣವೆಂದು ನಾನು ಇಟ್ಟುಕೊಂಡಿದ್ದೆ.

ಉತ್ಸವದ ದಿನ ಮೊದಲ ಚರಣ ಸುಗಮವಾಗಿ ಸಾಗಿತು. ಎರಡನೆಯ "ನೀರೆಲ್ಲಿ ಸ್ವಾಮಿ"ಗೆ ನಂಜುಂಡಣ್ಣ ಮುಂದಿನ ಸಾಲಿನಲ್ಲಿದ್ದ ಎಂ.ಡಿ. ಅವರತ್ತ ಕೈ ಚಾಚಿದ. ಮೂರನೆಯದಕ್ಕೆ ಇಡೀ ಶಾಮಿಯಾನ ಎದ್ದು ನಿಂತಿತು. ಎಲ್ಲಿಂದಲೋ ಸ್ಟೀಲ್ ಲೋಟಗಳು ಹೊರಬಂದು ಕುರ್ಚಿಗಳ ಮೇಲೆ ತಾಳ ಹಾಕತೊಡಗಿದವು. ಜರ್ಮನಿಯ ಗ್ರಾಹಕರು ಬಹಳ ಸಂತೋಷದಿಂದ ಚಪ್ಪಾಳೆ ತಟ್ಟಿದರು.

ಎಂ.ಡಿ. ತಿರುಗಿ ಕೇಳಿದರು. "ಯಾವ ನೀರು, ಪ್ರಭಾಕರ್?"

ಪ್ರಭಾಕರ್ ನನ್ನನ್ನು ನೋಡಿದರು. ನಾನು ಹಿಂದೆ ನೋಡಿದೆ. ಹಿಂದೆ ಯಾರೂ ಇರಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಸೈಬರ್ ಸೆಂಟರಿಗೆ ನುಗ್ಗಿ ಮೂಲ ಗಾಯಕನನ್ನು ಕೇಳಿದೆ. ಆ ಮನುಷ್ಯ ಮೊದಲ ಅಕ್ಷರದಿಂದಲೇ ಸಿಟ್ಟಾಗಿದ್ದ. ಕೊಳಲಿಗೆ ಕೋಪ ಬರುವುದಿಲ್ಲವೆಂಬುದು ನನಗೆ ಹೊಳೆದಿರಲಿಲ್ಲ. ಮೂರು ಮರುಗಾಯನಗಳಲ್ಲಿ ಕಳೆದುಹೋಗಿದ್ದ ಆ ಸಿಟ್ಟನ್ನು ನಂಜುಂಡಣ್ಣ ಒಂದೇ ವಾರದಲ್ಲಿ ಹುಡುಕಿಕೊಟ್ಟಿದ್ದ.

ಸೋಮವಾರ ಹೊಸ ಫಿಲ್ಟರ್ ಬಂತು. ನಂಜುಂಡಣ್ಣ ಮೊದಲ ಲೋಟವನ್ನು ನನಗೇ ತಂದುಕೊಟ್ಟ. "ಕೆಲ್ಸ ಓದ್ರೂ ಓಗ್ಲಿ ಅಂತ ನಮ್ ಪರ ನಿಂತ್ಬುಟ್ರಿ. ಏನ್ ಗುಂಡಿಗೆ ಸಾರ್ ನಿಮ್ದು!"

ನಾನು ನೀರು ಕುಡಿದೆ.

ಅದೇ ಮಧ್ಯಾಹ್ನ ನನ್ನ ಪ್ರೊಬೇಷನ್ನನ್ನು ಆರು ತಿಂಗಳು ವಿಸ್ತರಿಸಲಾಯಿತು. ವಿಭಾಗದಲ್ಲಿ ಟೈಪಿಂಗ್ ಬಲ್ಲವನು ನಾನೊಬ್ಬನೇ. ಹೀಗಾಗಿ ಆ ಆದೇಶವನ್ನು ಪ್ರಭಾಕರ್ ಅವರು ಹೇಳುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. "ಸದರಿ ನೌಕರರಿಗೆ ವಿವೇಚನೆ ಕಡಿಮೆ" ಎಂದು ಹೇಳಿ ಅವರು ಫೋನ್ ಎತ್ತಿಕೊಂಡರು. ವಾಕ್ಯ ಅಲ್ಲಿಗೇ ನಿಂತಿದ್ದು ನನಗೆ ಸರಿಕಾಣಲಿಲ್ಲ. "ಎಂಬುದು ನಿಸ್ಸಂಶಯವಾಗಿ ಸಾಬೀತಾಗಿರುತ್ತದೆ" ಎಂದು ನಾನೇ ಪೂರ್ತಿ ಮಾಡಿದೆ.